ಬೀಸುಕಲ್ಲಿನ ಮನೆಯಿಂದ ಸಿಫ್ಫೀನಿನ ರಾತ್ರಿಯವರೆಗೆ: ಒಂದು ಝಿಕ್ರ್‌ನ ಚರಿತ್ರೆ

ಅಲ್ಲಾಹನನ್ನು ಅಧಿಕವಾಗಿ ಸ್ಮರಿಸಬೇಕೆಂದೂ ಮುಂಜಾನೆ ಹಾಗೂ ಸಂಜೆ ಅವನ ಪಾವಿತ್ರ್ಯವನ್ನು ಕೊಂಡಾಡಬೇಕೆಂದೂ ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ (ಅಲ್ ಅಹ್‌ಝಾಬ್: 41-42). ತನ್ನಲ್ಲಿ ಪ್ರಾರ್ಥಿಸುವವರಿಗೆ ಉತ್ತರ ನೀಡುವೆನೆಂದು ಅಲ್ಲಾಹನೇ ವಾಗ್ದಾನ ಮಾಡಿದ್ದಾನೆ (ಗಾಫಿರ್: 60). ಈ ಆದೇಶವನ್ನೂ ಈ ವಾಗ್ದಾನವನ್ನೂ ಅರಿಯದ ಮುಸ್ಲಿಮ್ ಮನೆ ವಿರಳ. ಆದರೆ ಅರಿವಿಗೂ ಅಭ್ಯಾಸಕ್ಕೂ ನಡುವೆ ದೊಡ್ಡ ಅಂತರವಿದೆ. ಮಕ್ಕಳು ದೊಡ್ಡವರಾಗಲಿ, ವ್ಯಾಪಾರದ ಒತ್ತಡ ಕಡಿಮೆಯಾಗಲಿ, ಅರಬಿ ಉಚ್ಚಾರಣೆ ತಿದ್ದಿಕೊಳ್ಳಲಿ, ಹಜ್ ಮುಗಿಸಿ ಬರಲಿ, ಆಮೇಲೆ ಝಿಕ್ರ್ ಮತ್ತು ದುಆಗಳನ್ನು ದಿನಚರಿಯಾಗಿ ಮಾಡಿಕೊಳ್ಳೋಣ ಎಂದು ಮುಂದೂಡುವವರು ನಮ್ಮಲ್ಲಿ ಬಹಳ. ಬಿಡುವು ದೊರೆತಾಗ ಮಾಡಬೇಕಾದ ಕಾರ್ಯವೆಂದು ನಾವು ಅದನ್ನು ತಿಳಿದಿದ್ದೇವೆ.

ಇಸ್ಲಾಮೀ ಚರಿತ್ರೆಯ ಮೊದಲ ಪುಟಗಳು ಬೇರೆಯೇ ಚಿತ್ರವನ್ನು ನೀಡುತ್ತವೆ. ಪ್ರವಾದಿ ಮುಹಮ್ಮದ್(ಸ)ರಿಂದ ಈ ಅಭ್ಯಾಸವನ್ನು ನೇರವಾಗಿ ಪಡೆದವರಲ್ಲಿ ಅನೇಕರು ಬಿಡುವಿಲ್ಲದವರು, ಬಡವರು, ದಣಿದವರು, ಹೆಚ್ಚು ಕಲಿಯಲಾರದವರು. ಅವರಲ್ಲಿ ಒಂದು ಮನೆಯ ಕಥೆ ಎಲ್ಲರಿಗೂ ಪಾಠವಾಗುವಂಥದ್ದು.

ಆರಂಭದ ದಿನಗಳು

ಮಕ್ಕಾದಲ್ಲಿ ಸತ್ಯವಿಶ್ವಾಸಿಗಳ ಸಂಖ್ಯೆ ಬೆರಳೆಣಿಕೆಯಷ್ಟಿದ್ದಾಗ ಅವರಿಗೆ ಸ್ವಂತ ಮಸೀದಿ ಇರಲಿಲ್ಲ, ಅದಾನ್ ಇರಲಿಲ್ಲ. ಐದು ಹೊತ್ತಿನ ನಮಾಝ್ ಇನ್ನೂ ಕಡ್ಡಾಯವಾಗಿರಲಿಲ್ಲ. ಆ ಕಾಲದಲ್ಲಿ ಅವತೀರ್ಣವಾದ ಅಲ್ ಮುಝ್ಝಮ್ಮಿಲ್ ಅಧ್ಯಾಯವು ರಾತ್ರಿಯಲ್ಲಿ ಎದ್ದು ನಿಲ್ಲುವಂತೆಯೂ ಪ್ರಭುವಿನ ನಾಮವನ್ನು ಸ್ಮರಿಸುತ್ತಾ ಸಂಪೂರ್ಣವಾಗಿ ಅವನೆಡೆಗೆ ತಿರುಗುವಂತೆಯೂ ಪ್ರವಾದಿ(ಸ)ರಿಗೆ ಆದೇಶಿಸಿತು. ಸಮುದಾಯವು ಸಂಸ್ಥೆಯಾಗಿ ರೂಪುಗೊಳ್ಳುವುದಕ್ಕೆ ಮುಂಚೆಯೇ ದಾಸನ ಮತ್ತು ಒಡೆಯನ ನಡುವಣ ಈ ಏಕಾಂತದ ಮಾತುಕತೆ ಆರಂಭವಾಗಿತ್ತು.

ಹಿಜರತ್‌ನ ಬಳಿಕ ಮದೀನದಲ್ಲಿ ಮಸೀದಿ ನಿರ್ಮಾಣವಾಯಿತು, ಸಾಮೂಹಿಕ ನಮಾಝ್ ಸ್ಥಿರಗೊಂಡಿತು. ಆಗಲೂ ಪ್ರವಾದಿವರ್ಯ(ಸ)ರು ಈ ಖಾಸಗಿ ಸಂಬಂಧವನ್ನು ಮಸೀದಿಯ ಗೋಡೆಗಳೊಳಗೆ ಸೀಮಿತಗೊಳಿಸಲಿಲ್ಲ. ನಿದ್ದೆಯಿಂದ ಎದ್ದಾಗ, ಬಟ್ಟೆ ತೊಡುವಾಗ, ಊಟ ಮಾಡುವಾಗ, ವಾಹನವೇರುವಾಗ, ಮಳೆ ಸುರಿಯುವಾಗ, ರೋಗಿಯನ್ನು ಸಂದರ್ಶಿಸುವಾಗ ಹೇಳಬೇಕಾದ ಮಾತುಗಳನ್ನು ಕಲಿಸಿದರು. ಜೀವನದ ಸಾಮಾನ್ಯ ಕ್ಷಣಗಳೇ ಸ್ಮರಣೆಯ ಸಮಯಗಳಾದವು.

ಹಝ್ರತ್ ಫಾತಿಮಾ(ರ)ರ ಮನೆ

ಬದ್ರ್ ಕದನ ನಡೆದ ಹಿಜರಿ 2ರಲ್ಲಿ (ಕ್ರಿ.ಶ. 624) ಹಝ್ರತ್ ಫಾತಿಮಾ(ರ)ರ ವಿವಾಹವು ಹಝ್ರತ್ ಅಲೀ(ರ)ರೊಂದಿಗೆ ನೆರವೇರಿತೆಂದು ಚರಿತ್ರೆಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಮಹ್ರ್ ನೀಡಲು ಅಲೀ(ರ)ರ ಬಳಿ ಇದ್ದುದು ಒಂದು ಯುದ್ಧಕವಚ. ಹೊಸ ಮನೆಗೆ ಬಂದ ಸಾಮಾನು ಒಂದು ಹೊದಿಕೆ, ಹುಲ್ಲು ತುಂಬಿದ ದಿಂಬು, ನೀರು ತರುವ ತೊಗಲಚೀಲ, ಬೀಸುಕಲ್ಲು ಮುಂತಾದ ಕೆಲವೇ ವಸ್ತುಗಳು. ಜಗತ್ತಿನ ಶ್ರೇಷ್ಠ ಪ್ರವಾದಿಯ ಪುತ್ರಿಯ ಸಂಸಾರ ಆರಂಭವಾದುದು ಹೀಗೆ.

ಆ ಮನೆಯಲ್ಲಿ ಹಿಟ್ಟು ಬೀಸುವವರು, ನೀರು ಹೊರುವವರು, ಗುಡಿಸುವವರು, ಒಲೆಯ ಮುಂದೆ ಕೂರುವವರು ಫಾತಿಮಾ(ರ) ಒಬ್ಬರೇ. ಬೀಸುಕಲ್ಲಿನ ಹಿಡಿಯಿಂದ ಅವರ ಅಂಗೈಯಲ್ಲಿ ಗುರುತು ಮೂಡಿತು. ನೀರಿನ ಚೀಲದ ಹುರಿ ಕೊರಳ ಬಳಿ ಗಾಯದ ಕಲೆ ಮಾಡಿತು. ಕಸದ ಧೂಳೂ ಒಲೆಯ ಮಸಿಯೂ ಬಟ್ಟೆಗೆ ಹತ್ತಿದವು. ಈ ವಿವರಗಳನ್ನು ಅಬೂದಾವೂದ್‌ನ ಹದೀಸ್ ಸಂಗ್ರಹವು ಉಳಿಸಿಕೊಂಡಿದೆ.

ಆ ದಿನಗಳಲ್ಲಿ ಪ್ರವಾದಿ(ಸ)ರ ಬಳಿಗೆ ಕೆಲವು ಯುದ್ಧ ಕೈದಿಗಳನ್ನು ಕರೆತರಲಾಗಿತ್ತು. ಮನೆಗೆಲಸಕ್ಕೆ ಒಬ್ಬರ ನೆರವು ಕೇಳೋಣವೆಂದು ಫಾತಿಮಾ(ರ) ತಂದೆಯ ಮನೆಗೆ ಹೋದರು. ಅವರು ಮನೆಯಲ್ಲಿರಲಿಲ್ಲ. ಬಂದ ಉದ್ದೇಶವನ್ನು ಹಝ್ರತ್ ಆಇಶಾ(ರ)ರಿಗೆ ತಿಳಿಸಿ ಮರಳಿದರು. ರಾತ್ರಿ ಪ್ರವಾದಿ(ಸ)ರು ಸ್ವತಃ ಮಗಳ ಮನೆಗೆ ಬಂದರು. ಆಗಲೇ ದಂಪತಿ ಮಲಗಿದ್ದರು. ಏಳಲು ಹೊರಟಾಗ ಅವರನ್ನು ತಡೆದು, ಇಬ್ಬರ ನಡುವೆ ಕುಳಿತುಕೊಂಡರು. ಅವರ ಪಾದಗಳ ತಂಪು ತಮ್ಮ ಎದೆಗೆ ತಾಗಿತೆಂದು ಅಲೀ(ರ) ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಕೇಳಿದ್ದಕ್ಕಿಂತಲೂ ಉತ್ತಮವಾದುದನ್ನು ನಿಮಗೆ ತಿಳಿಸಲೇ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳುವಂತೆ ಕಲಿಸಿ, ಒಬ್ಬ ಸೇವಕನಿಗಿಂತ ಇದು ನಿಮಗೆ ಉತ್ತಮವೆಂದರು.

ಪ್ರವಾದಿ(ಸ)ರಿಗೆ ಮಗಳ ಮೇಲೆ ಪ್ರೀತಿ ಕಡಿಮೆಯಿತ್ತೇ? ಖಂಡಿತ ಇಲ್ಲ. ಫಾತಿಮಾ(ರ) ಬಂದಾಗ ಎದ್ದು ನಿಂತು ಸ್ವಾಗತಿಸಿ, ತಾವು ಕುಳಿತಿದ್ದ ಜಾಗದಲ್ಲಿ ಕೂರಿಸುತ್ತಿದ್ದ ತಂದೆ ಅವರು. ಆದರೆ ಮಸೀದಿಯ ಚಪ್ಪರದ ಕೆಳಗೆ ಮನೆಮಾರಿಲ್ಲದ ಅಹ್ಲುಸ್ಸುಫ್ಫಾದವರು ಹಸಿವಿನಿಂದ ಬಳಲುತ್ತಿದ್ದರು. ಅವರನ್ನು ಹಾಗೆಯೇ ಬಿಟ್ಟು ಮಗಳಿಗೆ ಕೊಡಲಾರೆನೆಂದು ಪ್ರವಾದಿ(ಸ)ರು ಹೇಳಿದ್ದಾಗಿ ಮುಸ್ನದ್ ಅಹ್ಮದ್‌ನ ವರದಿಯಲ್ಲಿದೆ. ಸಾರ್ವಜನಿಕ ಸೊತ್ತಿನಲ್ಲಿ ಸ್ವಂತ ಮನೆಯವರನ್ನು ಹಿಂದಿಟ್ಟು, ಸ್ವಂತ ಮನೆಯವರಿಗೆ ಬೇರೊಂದು ಸಂಪತ್ತನ್ನು ಆ ರಾತ್ರಿಯೇ ನಡೆದು ಬಂದು ತಲುಪಿಸಿದರು.

ಇಮಾಮ್ ಬುಖಾರಿ ಈ ಹದೀಸನ್ನು ಪ್ರಾರ್ಥನೆಗಳ ಅಧ್ಯಾಯದಲ್ಲಿ ಮಾತ್ರವಲ್ಲ, ಕುಟುಂಬದ ಖರ್ಚು-ವೆಚ್ಚಗಳ ಅಧ್ಯಾಯದಲ್ಲಿಯೂ ಸೇರಿಸಿದ್ದಾರೆ. ಈ ಝಿಕ್ರ್ ಮನೆಯ ದುಡಿಮೆಯೊಳಗಿಂದಲೇ ಹುಟ್ಟಿತೆಂಬುದನ್ನು ಅದು ನೆನಪಿಸುತ್ತದೆ. ಈ ಮಾತುಗಳನ್ನು ತಪ್ಪದೆ ಹೇಳುವವರನ್ನು ದಿನದ ಕೆಲಸದ ದಣಿವು ಸೋಲಿಸದು ಎಂಬ ಅನುಭವದ ನುಡಿಯನ್ನು ಇಬ್ನುಲ್ ಕಯ್ಯಿಮ್ (ನಿಧನ ಹಿ. 751, ಕ್ರಿ.ಶ. 1350) ತಮ್ಮ ಗುರು ಇಬ್ನ್ ತೈಮಿಯ್ಯಾರಿಂದ ಉದ್ಧರಿಸಿದ್ದಾರೆ. ಬೀಸುಕಲ್ಲು ಅಲ್ಲಿಯೇ ಉಳಿಯಿತು. ಆದರೆ ಅದರ ಮುಂದೆ ಕೂರುವ ವ್ಯಕ್ತಿಗೆ ಬಲ ದೊರೆಯಿತು.

ಕೇಳಿ ಬಂದ ಇತರರು

ಇದೇ ಮಾತುಗಳು ಇನ್ನೊಂದು ಸಂದರ್ಭದಲ್ಲಿ ಬೇರೊಂದು ಕೊರತೆಗೆ ಉತ್ತರವಾದವು. ಮುಹಾಜಿರ್‌ಗಳಲ್ಲಿ ಬಡವರಾಗಿದ್ದವರು ಪ್ರವಾದಿ(ಸ)ರ ಬಳಿಗೆ ಬಂದು ತಮ್ಮ ಅಳಲನ್ನು ತೋಡಿಕೊಂಡರು. ಶ್ರೀಮಂತರು ನಮ್ಮಂತೆಯೇ ನಮಾಝ್ ಮಾಡುತ್ತಾರೆ, ಉಪವಾಸ ಆಚರಿಸುತ್ತಾರೆ, ಆದರೆ ಹಣವಿರುವುದರಿಂದ ದಾನವನ್ನೂ ಮಾಡುತ್ತಾರೆ, ಪುಣ್ಯವನ್ನೆಲ್ಲ ಅವರೇ ಕೊಂಡೊಯ್ದರು ಎಂಬುದು ಅವರ ಸಂಕಟ. ಪ್ರತಿ ನಮಾಝಿನ ಬಳಿಕ ತಸ್ಬೀಹ್, ತಹ್ಮೀದ್, ತಕ್ಬೀರ್‌ಗಳನ್ನು 33 ಬಾರಿಯಂತೆ ಹೇಳಲು ಪ್ರವಾದಿ(ಸ)ರು ಅವರಿಗೆ ಕಲಿಸಿದರು. ಸುದ್ದಿ ತಿಳಿದ ಶ್ರೀಮಂತರೂ ಅದನ್ನೇ ಆರಂಭಿಸಿದಾಗ ಬಡವರು ಮತ್ತೆ ಬಂದರು. ಅದು ಅಲ್ಲಾಹನ ಅನುಗ್ರಹ, ತಾನಿಚ್ಛಿಸಿದವರಿಗೆ ಅವನು ಅದನ್ನು ನೀಡುತ್ತಾನೆಂದು ಪ್ರವಾದಿ(ಸ)ರು ತಿಳಿಸಿದರು. ಒಂದೇ ಒಂದು ದಿರ್ಹಮ್ ಬೇಡದ ಈ ಪುಣ್ಯಕ್ಕಾಗಿ ಮದೀನದ ಸಿರಿವಂತರೂ ಬಡವರೂ ಪೈಪೋಟಿ ನಡೆಸಿದ್ದರು.

ಇನ್ನೊಬ್ಬರು ಬಂದು, ಇಸ್ಲಾಮಿನ ವಿಧಿಗಳು ತನಗೆ ಬಹಳವೆನಿಸುತ್ತಿವೆ, ಬಿಗಿಯಾಗಿ ಹಿಡಿದುಕೊಳ್ಳಬಹುದಾದ ಒಂದನ್ನು ತಿಳಿಸಿಕೊಡಿ ಎಂದು ಕೇಳಿದರು. ಅವರ ನಾಲಗೆಯು ಸದಾ ಅಲ್ಲಾಹನ ಸ್ಮರಣೆಯಿಂದ ತೇವವಾಗಿರಲಿ ಎಂಬುದಷ್ಟೇ ಪ್ರವಾದಿ(ಸ)ರ ಉಪದೇಶ. ಹಝ್ರತ್ ಅಬ್ದುಲ್ಲಾಹ್ ಬಿನ್ ಬುಸ್ರ್(ರ) ವರದಿ ಮಾಡಿದ ಈ ಹದೀಸ್ ತಿರ್ಮಿದಿಯಲ್ಲಿದೆ. ಕಡ್ಡಾಯ ಕರ್ಮಗಳಿಗೆ ಇದು ಬದಲಿಯಲ್ಲ. ಅವುಗಳನ್ನು ಹೊತ್ತು ನಡೆಯಲು ಬೇಕಾದ ಊರುಗೋಲು.

ಮತ್ತೊಬ್ಬರ ಪ್ರಾಮಾಣಿಕತೆ ಮನಮುಟ್ಟುವಂಥದ್ದು. ನಮಾಝಿನಲ್ಲಿ ಏನು ಹೇಳುತ್ತೀರಿ ಎಂದು ಪ್ರವಾದಿ(ಸ)ರು ಅವರನ್ನು ವಿಚಾರಿಸಿದರು. ತಾನು ಸ್ವರ್ಗವನ್ನು ಬೇಡುತ್ತೇನೆ, ನರಕದಿಂದ ರಕ್ಷಣೆ ಯಾಚಿಸುತ್ತೇನೆ, ನೀವು ಮತ್ತು ಮುಆದ್ ಮೆಲುದನಿಯಲ್ಲಿ ಹೇಳಿಕೊಳ್ಳುವಂಥದ್ದು ತನಗೆ ಬರುವುದಿಲ್ಲ ಎಂದು ಅವರು ಉತ್ತರಿಸಿದರು. ಹಝ್ರತ್ ಮುಆದ್ ಬಿನ್ ಜಬಲ್(ರ) ಸಹಾಬಿಗಳಲ್ಲಿ ದೊಡ್ಡ ವಿದ್ವಾಂಸರು. ನಮ್ಮ ಮೆಲುದನಿಯ ಪ್ರಾರ್ಥನೆಗಳೂ ಇವುಗಳ ಸುತ್ತಲೇ ಸುತ್ತುತ್ತವೆ ಎಂದು ಪ್ರವಾದಿ(ಸ)ರು ಆ ಸರಳ ಮನುಷ್ಯನನ್ನು ಸಂತೈಸಿದರು. ತನಗೆ ದೊಡ್ಡ ದುಆಗಳು ಬಾರವೆಂದು ಹಿಂಜರಿಯುವ ಪ್ರತಿಯೊಬ್ಬರಿಗೂ ಈ ಉತ್ತರ ಅನ್ವಯಿಸುತ್ತದೆ.

ಪ್ರವಾದಿ ಪತ್ನಿ ಹಝ್ರತ್ ಜುವೈರಿಯಾ(ರ)ರ ಘಟನೆಯು ಇನ್ನೊಂದು ಬದಿಯನ್ನು ತೋರಿಸುತ್ತದೆ. ಫಜ್ರ್ ನಮಾಝಿನ ಬಳಿಕ ಪ್ರವಾದಿ(ಸ)ರು ಹೊರಗೆ ಹೋಗಿ, ಬಿಸಿಲೇರಿದ ಬಳಿಕ ಮರಳಿದಾಗಲೂ ಅವರು ಝಿಕ್ರ್ ಮಾಡುತ್ತಾ ಅಲ್ಲಿಯೇ ಕುಳಿತಿದ್ದರು. ತಾನು ಇಲ್ಲಿಂದ ಹೋದ ಬಳಿಕ ಮೂರು ಬಾರಿ ಹೇಳಿದ ನಾಲ್ಕು ಮಾತುಗಳು ಈ ಎಲ್ಲವುಗಳಿಗಿಂತ ಭಾರವಾದುವೆಂದು ಪ್ರವಾದಿ(ಸ)ರು ತಿಳಿಸಿದರು. ಅವರ ದೀರ್ಘ ಕೂರುವಿಕೆಯನ್ನು ಆಕ್ಷೇಪಿಸಲಿಲ್ಲ. ಆದರೆ ಗಂಟೆಗಳ ಲೆಕ್ಕಕ್ಕಿಂತ ಅರ್ಥದ ತೂಕ ದೊಡ್ಡದೆಂದು ಕಲಿಸಿದರು.

ಇವರೆಲ್ಲರಲ್ಲಿಯೂ ಒಂದು ಸಮಾನ ಅಂಶವಿದೆ. ದಣಿದ ಗೃಹಿಣಿಗೂ ಬಡ ವಲಸಿಗನಿಗೂ ವಿಧಿಗಳ ಬಾಹುಳ್ಯದಿಂದ ಕಂಗೆಟ್ಟವನಿಗೂ ಪ್ರವಾದಿ(ಸ)ರು ನೀಡಿದುದು ಚಿಕ್ಕದು, ಎಣಿಸಬಹುದಾದುದು, ನಿತ್ಯ ಮಾಡಬಹುದಾದುದು. ಕಡಿಮೆಯಾದರೂ ಸರಿ, ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬ ಬೋಧನೆಯನ್ನು ಹಝ್ರತ್ ಆಇಶಾ(ರ) ವರದಿ ಮಾಡಿದ್ದಾರೆ.

ಸಿಫ್ಫೀನಿನ ರಾತ್ರಿ

ಹಿಜರಿ 11ರಲ್ಲಿ (ಕ್ರಿ.ಶ. 632) ಪ್ರವಾದಿ(ಸ)ರು ನಿಧನರಾದರು. ಕೆಲವೇ ತಿಂಗಳುಗಳಲ್ಲಿ ಹಝ್ರತ್ ಫಾತಿಮಾ(ರ) ಕೂಡ ತಂದೆಯನ್ನು ಸೇರಿದರು. ಆ ರಾತ್ರಿ ಪಾಠ ಕಲಿತ ಇಬ್ಬರಲ್ಲಿ ಅಲೀ(ರ) ಉಳಿದರು. ಹಿಜರಿ 37ರಲ್ಲಿ (ಕ್ರಿ.ಶ. 657) ಯೂಫ್ರಟಿಸ್ ನದಿಯ ದಡದಲ್ಲಿ, ರಕ್ಕಾ ಸಮೀಪದ ಸಿಫ್ಫೀನ್‌ನಲ್ಲಿ ಮುಸ್ಲಿಮರ ಎರಡು ಸೇನೆಗಳು ಎದುರುಬದುರಾದವು. ಒಂದೇ ಕಿಬ್ಲಾಕ್ಕೆ ಮುಖ ಮಾಡಿ ನಮಾಝ್ ಮಾಡುವವರು ಪರಸ್ಪರ ಖಡ್ಗ ಎತ್ತಿದ ಆ ದಿನಗಳು ಸಮುದಾಯದ ಚರಿತ್ರೆಯಲ್ಲಿ ಅತ್ಯಂತ ನೋವಿನವು. ಖಲೀಫರಾಗಿದ್ದ ಅಲೀ(ರ)ರ ಹೆಗಲ ಮೇಲಿದ್ದ ಭಾರವನ್ನು ಊಹಿಸುವುದೂ ಕಷ್ಟ.

ಪ್ರವಾದಿ(ಸ)ರು ಕಲಿಸಿದ ಆ ಮಾತುಗಳನ್ನು ಅಂದಿನಿಂದ ಒಮ್ಮೆಯೂ ಬಿಟ್ಟಿಲ್ಲವೆಂದು ಅಲೀ(ರ) ಮುಂದೆ ಹೇಳಿದಾಗ, ಸಿಫ್ಫೀನಿನ ರಾತ್ರಿಯೂ ಬಿಡಲಿಲ್ಲವೇ ಎಂದು ಕೇಳಲಾಯಿತು. ಸಿಫ್ಫೀನಿನ ರಾತ್ರಿಯೂ ಬಿಡಲಿಲ್ಲವೆಂದು ಅವರು ಉತ್ತರಿಸಿದರು. ಇದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅಬೂದಾವೂದ್‌ನ ವರದಿಯಲ್ಲಿ ಇನ್ನೊಂದು ವಿವರವಿದೆ. ಸಿಫ್ಫೀನಿನ ರಾತ್ರಿ ಅದು ಅವರಿಗೆ ನೆನಪಾದುದು ರಾತ್ರಿಯ ಕೊನೆಯ ಭಾಗದಲ್ಲಿ, ನೆನಪಾದೊಡನೆ ಹೇಳಿದರು.

ಈ ವಿವರ ಬಹಳ ಅಮೂಲ್ಯವಾದುದು. ಫಾತಿಮಾ(ರ)ರ ನಿಧನದಿಂದಲೇ ಲೆಕ್ಕ ಹಾಕಿದರೂ 25 ವರ್ಷಗಳಿಗೂ ಮೀರಿ ಆ ಅಭ್ಯಾಸ ನಡೆದು ಬಂದಿತ್ತು. ಹೇಳಿಕೊಟ್ಟ ತಂದೆ ಇರಲಿಲ್ಲ, ಜೊತೆಗೆ ಕಲಿತ ಪತ್ನಿ ಇರಲಿಲ್ಲ, ಆ ಮನೆಯ ಬದುಕೂ ಹಿಂದೆ ಸರಿದಿತ್ತು. ಅಂಥವರಿಗೂ ಒಂದು ರಾತ್ರಿ ಹೊತ್ತು ತಪ್ಪಿತು. ತಪ್ಪಿತೆಂದು ಕೈಬಿಡದೆ ಬೆಳಗಾಗುವುದಕ್ಕೆ ಮುಂಚೆ ಅದಕ್ಕೆ ಮರಳಿದರು. ಶತ್ರುಸೇನೆಯನ್ನು ಎದುರಿಸುವಾಗ ಸ್ಥಿರವಾಗಿರಿ, ಅಲ್ಲಾಹನನ್ನು ಅಧಿಕವಾಗಿ ಸ್ಮರಿಸಿರಿ ಎಂಬ ಕುರ್‌ಆನಿನ ಆದೇಶ (ಅಲ್ ಅನ್ಫಾಲ್: 45) ಅವರಲ್ಲಿ ಸಾಕಾರಗೊಂಡಿತ್ತು. ಆದರೆ ರಣರಂಗದಲ್ಲಿ ಆ ಸ್ಮರಣೆ ನಾಲಗೆಗೆ ಬಂದುದು ಹಾಸಿಗೆಯ ಮೇಲೆ, ಶಾಂತ ರಾತ್ರಿಗಳಲ್ಲಿ, ವರ್ಷಗಟ್ಟಲೆ ಅಭ್ಯಾಸವಾಗಿದ್ದುದರಿಂದ. ಕಷ್ಟದ ದಿನಕ್ಕೆ ಬೇಕಾದ ದುಆವನ್ನು ಸುಖದ ದಿನದಲ್ಲಿಯೇ ರೂಢಿಸಿಕೊಳ್ಳಬೇಕಾಗುತ್ತದೆ.

ನೆನಪಿನಿಂದ ಗ್ರಂಥಕ್ಕೆ

ಮೊದಲ ತಲೆಮಾರುಗಳು ಈ ಮಾತುಗಳನ್ನು ಒಬ್ಬರಿಂದ ಒಬ್ಬರಿಗೆ ಹೇಳಿಕೊಟ್ಟವು. ಹದೀಸ್ ಸಂಗ್ರಹದ ಕಾಲ ಬಂದಾಗ ವಿದ್ವಾಂಸರು ಇವುಗಳಿಗೆಂದೇ ಪ್ರತ್ಯೇಕ ಗ್ರಂಥಗಳನ್ನು ಸಿದ್ಧಪಡಿಸಿದರು. ಇಮಾಮ್ ನಸಾಈ (ನಿಧನ ಹಿ. 303, ಕ್ರಿ.ಶ. 915) ರಚಿಸಿದ ಗ್ರಂಥದ ಹೆಸರು ‘ಅಮಲುಲ್ ಯೌಮಿ ವಲ್ಲೈಲಾ’, ಅಂದರೆ ಹಗಲು ಮತ್ತು ರಾತ್ರಿಯ ಕರ್ಮ. ಅವರ ಶಿಷ್ಯ ಇಬ್ನುಸ್ಸುನ್ನೀ (ನಿಧನ ಹಿ. 364) ಅದೇ ಹೆಸರಿನಲ್ಲಿ ಇನ್ನೊಂದು ಗ್ರಂಥ ಬರೆದರು. ಹದೀಸ್ ಬರೆಯುತ್ತಿದ್ದ ಅವರು ಲೇಖನಿಯನ್ನು ಮಸಿಕುಡಿಕೆಯಲ್ಲಿರಿಸಿ, ದುಆಕ್ಕಾಗಿ ಕೈಗಳನ್ನೆತ್ತಿದ ಸ್ಥಿತಿಯಲ್ಲಿಯೇ ಕೊನೆಯುಸಿರೆಳೆದರೆಂದು ಅವರ ಪುತ್ರ ಹೇಳಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಜೀವಮಾನವಿಡೀ ಯಾವುದನ್ನು ಬರೆದರೋ ಅದರಲ್ಲಿಯೇ ಮರಣ ಹೊಂದುವ ಭಾಗ್ಯ ಅವರದಾಯಿತು.

ಸಿರಿಯಾದ ನವಾ ಗ್ರಾಮದ ಇಮಾಮ್ ನವವೀ (ಹಿ. 631-676, ಕ್ರಿ.ಶ. 1233-1277) ಬರೆದ ‘ಅಲ್ ಅದ್‌ಕಾರ್’ ಈ ಸಾಲಿನಲ್ಲಿ ಅತ್ಯಂತ ಪ್ರಸಿದ್ಧ. ಮನೆ ಮಾರಿಯಾದರೂ ಅದ್‌ಕಾರನ್ನು ಕೊಳ್ಳಬೇಕೆಂಬ ನಾಣ್ಣುಡಿಯೇ ಅರಬರಲ್ಲಿ ಹುಟ್ಟಿಕೊಂಡಿತು. ಹೊಸದಾಗಿ ಆರಂಭಿಸುವವರ ಪಾಲಿಗೆ ಆ ಗ್ರಂಥದ ಆರಂಭದ ಸೂಚನೆಗಳು ಬಹಳ ಉಪಯುಕ್ತ. ಯಾವುದೇ ಪುಣ್ಯಕರ್ಮದ ಬಗ್ಗೆ ತಿಳಿದರೆ ಕನಿಷ್ಠ ಒಮ್ಮೆಯಾದರೂ ಅದನ್ನು ಮಾಡಬೇಕೆನ್ನುತ್ತಾರೆ ಅವರು. ನಾಲಗೆ ಮತ್ತು ಹೃದಯ ಎರಡೂ ಸೇರಿದ ಝಿಕ್ರ್ ಶ್ರೇಷ್ಠ. ಆದರೆ ಜನರು ತೋರಿಕೆಯೆಂದು ಭಾವಿಸಿಯಾರೆಂಬ ಭಯದಿಂದ ನಾಲಗೆಯ ಝಿಕ್ರನ್ನು ಬಿಡಬಾರದು. ವುಝೂ ಇಲ್ಲದವರಿಗೂ ಋತುಸ್ರಾವದಲ್ಲಿರುವ ಮಹಿಳೆಯರಿಗೂ ತಸ್ಬೀಹ್, ತಹ್ಮೀದ್, ದುಆ ಮುಂತಾದವು ಅನುಮತಿಸಲ್ಪಟ್ಟಿವೆ ಎಂಬುದು ವಿದ್ವಾಂಸರ ಒಮ್ಮತ. ನಿಗದಿತ ಹೊತ್ತಿನಲ್ಲಿ ಝಿಕ್ರ್ ಮಾಡುವ ರೂಢಿಯುಳ್ಳವರು ಅದು ತಪ್ಪಿದಾಗ ಬಿಟ್ಟುಬಿಡದೆ, ಸಾಧ್ಯವಾದೊಡನೆ ಪೂರೈಸಬೇಕು. ಸಿಫ್ಫೀನಿನ ರಾತ್ರಿ ಅಲೀ(ರ) ಮಾಡಿದ್ದೂ ಇದನ್ನೇ.

ಸಂಕಷ್ಟದ ನಡುವೆ ಹುಟ್ಟಿದ ಗ್ರಂಥವೂ ಇದೆ. ಕುರ್‌ಆನ್ ಪಾರಾಯಣ ಶಾಸ್ತ್ರದ ಮಹಾ ವಿದ್ವಾಂಸ ಇಬ್ನುಲ್ ಜಝರೀ ತಮ್ಮ ‘ಅಲ್ ಹಿಸ್ನುಲ್ ಹಸೀನ್’ ದುಆ ಸಂಗ್ರಹವನ್ನು ಮುಗಿಸಿದುದು ಹಿಜರಿ 791ರಲ್ಲಿ (ಕ್ರಿ.ಶ. 1389), ದಮಾಸ್ಕಸ್ ನಗರವು ಮುತ್ತಿಗೆಗೆ ಒಳಗಾಗಿ ಅದರ ಬಾಗಿಲುಗಳೆಲ್ಲ ಮುಚ್ಚಿದ್ದ ದಿನಗಳಲ್ಲಿ. ಭದ್ರವಾದ ಕೋಟೆ ಎಂಬುದು ಆ ಹೆಸರಿನ ಅರ್ಥ. ಕಲ್ಲಿನ ಕೋಟೆಯೊಳಗೆ ಭಯದಿಂದಿದ್ದವರಿಗೆ ಅವರು ಇನ್ನೊಂದು ಕೋಟೆಯನ್ನು ತೋರಿಸಿದರು.

ನಮ್ಮ ಕರಾವಳಿಯ ಅನೇಕ ಮನೆ-ಮಸೀದಿಗಳಲ್ಲಿ ಓದಲಾಗುವ ಹದ್ದಾದ್ ರಾತೀಬ್ ಕೂಡ ಸಮುದ್ರ ದಾಟಿ ಬಂದ ಇಂಥದೇ ಒಂದು ಸಂಗ್ರಹ. ಯಮನಿನ ಹಳರ್‌ಮೌತ್ ಪ್ರದೇಶದ ತರೀಮ್‌ನಲ್ಲಿದ್ದ ಇಮಾಮ್ ಅಬ್ದುಲ್ಲಾಹ್ ಬಿನ್ ಅಲವಿ ಅಲ್ ಹದ್ದಾದ್ (ಕ್ರಿ.ಶ. 1634-1720) ಅದನ್ನು ಸಂಯೋಜಿಸಿದರು. ಗುಂಪಿನಲ್ಲಿ ಓದುವುದು ಒಂದಾದರೆ, ಒಬ್ಬಂಟಿಯಾಗಿ ಅಲ್ಲಾಹನ ಮುಂದೆ ಕೂರುವುದು ಇನ್ನೊಂದು. ಮೊದಲನೆಯದು ಎರಡನೆಯದರ ಜಾಗವನ್ನು ತುಂಬಲಾರದು.

ಆರಂಭಿಸುವವರಿಗೆ

ಈ ಚರಿತ್ರೆಯು ನಮಗೆ ತೋರಿಸುವ ದಾರಿ ಸರಳವಾದುದು. ಮೊದಲ ದಿನವೇ ದಪ್ಪ ಗ್ರಂಥವೊಂದನ್ನು ಮುಗಿಸಲು ಹೊರಡಬೇಕಾಗಿಲ್ಲ. ಫಾತಿಮಾ(ರ)ರಿಗೆ ದೊರೆತ ಆ 100 ಮಾತುಗಳಿಂದಲೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಕೆಲವೇ ನಿಮಿಷ. ಅದನ್ನು ಮಲಗುವ ಹೊತ್ತಿಗೆ ಜೋಡಿಸಿದ್ದರಲ್ಲಿಯೂ ಯುಕ್ತಿಯಿದೆ. ಎಷ್ಟೇ ಕೆಲಸವಿದ್ದರೂ ಮಲಗುವುದನ್ನು ಯಾರೂ ಬಿಡುವುದಿಲ್ಲ.

ಎಣಿಕೆಗೆ ಬೆರಳುಗಳು ಸಾಕು. ಬೆರಳುಗಳಲ್ಲಿ ಎಣಿಸುವಂತೆ, ಅವು ಪರಲೋಕದಲ್ಲಿ ಪ್ರಶ್ನಿಸಲ್ಪಟ್ಟು ಮಾತನಾಡಲಿವೆಯೆಂದು ಪ್ರವಾದಿ(ಸ)ರು ಮಹಿಳೆಯರಿಗೆ ಬೋಧಿಸಿದ್ದನ್ನು ಹಝ್ರತ್ ಯುಸೈರಾ(ರ) ವರದಿ ಮಾಡಿದ್ದಾರೆ. ಹೇಳುವ ಮಾತಿನ ಅರ್ಥವನ್ನು ಕನ್ನಡದಲ್ಲಿ ತಿಳಿದುಕೊಳ್ಳಿರಿ. ಅಲ್ಲಾಹನು ಎಲ್ಲ ಕುಂದುಗಳಿಂದ ಪರಿಶುದ್ಧನು, ಸಕಲ ಸ್ತುತಿಯೂ ಅವನಿಗೇ ಮೀಸಲು, ಅವನೇ ಮಹಾನನು ಎಂಬ ಅರಿವು ನಾಲಗೆಯೊಂದಿಗೆ ಹೃದಯವನ್ನೂ ಸೇರಿಸುತ್ತದೆ. ಅದರ ಬಳಿಕ ನಿಮ್ಮ ಬೇಡಿಕೆಗಳನ್ನು ನಿಮ್ಮದೇ ಭಾಷೆಯಲ್ಲಿ ಮುಂದಿಡಿರಿ. ಮಗುವಿನ ಜ್ವರ, ತೀರದ ಸಾಲ, ದೂರದೂರಿನಲ್ಲಿ ದುಡಿಯುತ್ತಿರುವ ಮಗ, ತವರಿನ ಚಿಂತೆ ಇವೆಲ್ಲವನ್ನೂ ಅವನು ಬಲ್ಲನು. ಆದರೂ ನೀವು ಹೇಳುವುದನ್ನು ಅವನು ಇಷ್ಟಪಡುತ್ತಾನೆ.

ಮಕ್ಕಳ ಮುಂದೆ ಉಪದೇಶಕ್ಕಿಂತ ಹೆಚ್ಚು ಫಲಿಸುವುದು ಕಣ್ಣಿಗೆ ಬೀಳುವ ಅಭ್ಯಾಸ. ಪ್ರವಾದಿ(ಸ)ರು ಮಗಳ ಹಾಸಿಗೆಯ ಬಳಿ ಬಂದು ಕುಳಿತು ಕಲಿಸಿದರು. ತಂದೆಯೋ ತಾಯಿಯೋ ರಾತ್ರಿ ಮಗುವಿನ ಪಕ್ಕದಲ್ಲಿ ಕುಳಿತು ಅದರ ಬೆರಳುಗಳನ್ನು ಹಿಡಿದು ಎಣಿಸಿದರೆ ಆ ಸುನ್ನತ್ ನಮ್ಮ ಮನೆಯಲ್ಲಿ ಜೀವ ತಳೆಯುತ್ತದೆ. ಆ ಮಗು ಮುಂದೆ ಯಾವ ಸಿಫ್ಫೀನನ್ನು ಎದುರಿಸಬೇಕಾದೀತೋ ನಾವು ಬಲ್ಲವರಲ್ಲ. ಅಂದು ಅದರ ಪಕ್ಕದಲ್ಲಿ ನಾವು ಇರಲಾರೆವು. ಈ ಮಾತುಗಳು ಇರಬಹುದು.

ಒಂದು ದಿನ ತಪ್ಪಿದರೆ ಮರುದಿನ ಮರಳಿರಿ. ಹೊತ್ತು ಮೀರಿದ್ದರೆ ನೆನಪಾದಾಗ ಹೇಳಿರಿ. ಎಷ್ಟು ಬಾರಿ ಬಿಟ್ಟೆವೆಂಬ ಲೆಕ್ಕಕ್ಕಿಂತ ಎಷ್ಟು ಬಾರಿ ಮರಳಿದೆವೆಂಬುದು ಮುಖ್ಯ.

ಕರುಣಾಮಯಿಯಾದ ಅಲ್ಲಾಹನು ನಮ್ಮ ನಾಲಗೆಗಳನ್ನು ತನ್ನ ಸ್ಮರಣೆಯಿಂದ ತೇವವಾಗಿರಿಸಲಿ, ನಮ್ಮ ಮನೆಗಳನ್ನು ಅದರ ಪ್ರಕಾಶದಿಂದ ಬೆಳಗಿಸಲಿ, ಸುಖದಲ್ಲಿ ತನ್ನನ್ನು ಮರೆಯದವರ ಹಾಗೂ ಕಷ್ಟದಲ್ಲಿ ತನ್ನ ಆಸರೆ ಪಡೆದವರ ಸಾಲಿನಲ್ಲಿ ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.